ಹುಳಮನೆ ಬಾಗಿಲ ಸಣ್ಣತ್ತೆ

ಸಣ್ಣತ್ತೆಯ ಅಂಗೈಯಲ್ಲಿ ಇದ್ದದ್ದು ಒಂದೇ ಗೆರೆ. ಈ ತುದಿಯಿಂದ ಆ ತುದಿಗೆ, ಅಡ್ಡಕ್ಕೆ, ಹೊಲದ ನಡುವಿನ ಬದುವಿನ ಹಾಗೆ. ಬೆರಳುಗಳು ಮೋಟು, ಕಿರುಬೆರಳು ಒಳಕ್ಕೆ ಬಾಗಿತ್ತು. ದಿನವೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ಅದ್ದಿ ಉಗುರಿನ ಸುತ್ತ ಚರ್ಮ ಬೆಳ್ಳಗೆ ಒಡೆದಿರುತ್ತಿತ್ತು. ಒಮ್ಮೆ ನಮ್ಮೂರಿಗೆ ಬಂದ ಗಿಣಿಶಾಸ್ತ್ರದವನು ಆ ಕೈ ನೋಡಿ, "ಇದ್ರಲ್ಲಿ ಏನೂ ಬರ್ದಿಲ್ಲಮ್ಮ" ಎಂದು ಎದ್ದುಹೋಗಲು ನೋಡಿದ. ಅತ್ತೆ ಅವನ ಮಣಿಕಟ್ಟು ಹಿಡಿದುಕೊಂಡಳು. ಅವನು ಕೊಸರಿದ, ನಕ್ಕ, ಗದರಿದ. ಕೊನೆಗೆ ಗಿಣಿಯನ್ನು ಪಂಜರದಿಂದ ಹೊರಗೆ ಬಿಟ್ಟು, ಅದು ಒಂದು ಚೀಟಿ ಎಳೆದುಕೊಟ್ಟ ಮೇಲೆಯೇ ಅವನ ಕೈ ಅವನಿಗೆ ವಾಪಸ್ಸು ಸಿಕ್ಕಿತು. ಅವಳದು ಉಡದ ಪಟ್ಟು.

ಅವಳು ನಮ್ಮಪ್ಪನ ತಂಗಿ, ಮನೆಗೆ ಕೊನೆಯವಳು. ಡೌನ್ ಸಿಂಡ್ರೋಮ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ "ನಮ್ ಹುಡ್ಗಿ ಸ್ವಲ್ಪ ಆ ಥರ" ಎಂದರೆ ಮುಗಿಯುತ್ತಿತ್ತು. ದಿಬ್ಬೂರಹಳ್ಳಿ ಕಡೆಯ ನಮ್ಮೂರಿನಲ್ಲಿ "ಆ ಥರ" ಎಂದರೆ ಯಾವ ಥರ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಎರಡು ಮಾತಿನೊಳಗೆ ಅವಳ ತೊದಲು, ಅವಳ ಹಟ, ಅವಳ ಶೀತ, ಕೊನೆಗೆ ಅವಳ ಕಾಯಿಲೆ ಕೂಡ ತುಂಬಿಕೊಂಡು ಕೂತಿತ್ತು.

ನಮ್ಮದು ರೇಷ್ಮೆಹುಳ ಸಾಕುವ ಮನೆ. ಮನೆಯ ಪಕ್ಕಕ್ಕೆ ಹುಳಮನೆ. ಹೊರಗಿನ ಧೂಳು, ಹೊಗೆಸೊಪ್ಪಿನ ಕೈ, ಬೇರೆ ಹುಳಮನೆ ತುಳಿದು ಬಂದ ಕಾಲು, ಯಾವುದು ಒಳಗೆ ಹೋದರೂ ಬೆಳೆಗೆ ರೋಗ. ಅದಕ್ಕೇ ಬಾಗಿಲಲ್ಲಿ ಒಂದು ಅಗಲವಾದ ಬೋಗುಣಿ, ಅದರ ತುಂಬ ಬ್ಲೀಚಿಂಗ್ ನೀರು, ಬೋಗುಣಿಯ ಪಕ್ಕದಲ್ಲಿ ಗೋಡೆಗೊರಗಿ ಸಣ್ಣತ್ತೆ. ಯಾರೇ ಬರಲಿ, ಅವಳು ಹೇಳುತ್ತಿದ್ದದ್ದು ಒಂದೇ ಮಾತು.

"ಕಾಲು."

ಬಂದವರು ಚಪ್ಪಲಿ ಬಿಟ್ಟು ಒಂದು ಕಾಲು ಅದ್ದುವರು. ನಮ್ಮ ಜನ ಗೊತ್ತಲ್ಲ, ಶಾಸ್ತ್ರಕ್ಕೆ ಒಂದು ಕಾಲು ಸಾಕು ಎನ್ನುವವರು. ಆಗ ಎರಡನೆಯ ಮಾತು ಬರುತ್ತಿತ್ತು.

"ಇನ್ನೊಂದು."

ಒಂದು ಚುನಾವಣೆಯಲ್ಲಿ ಓಟು ಕೇಳಲು ಬಂದ ದೊಡ್ಡ ಮನುಷ್ಯರೊಬ್ಬರು ಹುಳ ನೋಡುವ ಉತ್ಸಾಹದಲ್ಲಿ ಬಿಳಿ ಬೂಟು ಸಮೇತ ನುಗ್ಗಲು ಹೋದರು. ಹಿಂದೆ ಹೂವಿನ ಹಾರ, ಮುಂದೆ ಫೋಟೋದವನು. ಅತ್ತೆ ಕೈ ಅಡ್ಡ ಹಾಕಿ "ಕಾಲು" ಎಂದಳು. ಅವರು ಅದನ್ನು ಆಶೀರ್ವಾದದ ಬೇಡಿಕೆ ಎಂದುಕೊಂಡು ಅವಳ ತಲೆ ಸವರಿದರು. ಅವಳು ಅಲುಗಲಿಲ್ಲ. ಕೊನೆಗೆ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಎರಡೂ ಕಾಲು ಅದ್ದಿದ ಮೇಲೆ ಒಳಗೆ ಹೋದರು. ಓಟು ಅವರಿಗೆ ಬಿತ್ತೋ ಇಲ್ಲವೋ, ಬೆಳೆ ಮಾತ್ರ ಆ ಸಲ ಚೆನ್ನಾಗಿ ಬಂತು.

ಅಜ್ಜಿ ತೀರಿಕೊಂಡ ಮೇಲೆ ಅತ್ತೆಯನ್ನು ನೋಡಿಕೊಂಡವಳು ನನ್ನ ಅಮ್ಮ. ಹಾಗೆಂದು ಊರವರು ಹೇಳುತ್ತಿದ್ದರು. ಬೆಳಗಿನ ಹೊತ್ತು ನಮ್ಮ ಅಡುಗೆಮನೆಯಲ್ಲಿ ಕೂತು ನೋಡಿದ್ದರೆ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರೆಂದು ಅವರಿಗೆ ಅನುಮಾನ ಬರುತ್ತಿತ್ತು. ನಾನು ಹುಟ್ಟಿದ ಮೇಲೆ ಅಮ್ಮನಿಗೆ ಥೈರಾಯ್ಡ್ ಶುರುವಾಗಿತ್ತು. ದಿನವೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಅದಾಗಿ ಅರ್ಧ ಗಂಟೆ ಕಾಫಿ ಕುಡಿಯುವಂತಿಲ್ಲ. ಕಾಫಿಯಿಲ್ಲದೆ ಅಮ್ಮ ಮನುಷ್ಯಳಲ್ಲ. ಹಾಗಾಗಿ ಆ ಮಾತ್ರೆಯನ್ನು ಮರೆಯಲು ಅವಳ ಬಳಿ ನೂರು ನೆಪ ಇರುತ್ತಿದ್ದವು. ಅತ್ತೆಯ ಬಳಿ ಒಂದೂ ಇರಲಿಲ್ಲ. ಎದ್ದು ಮುಖ ತೊಳೆದವಳೇ ಗೋಡೆಯ ಗೂಡಿನಲ್ಲಿಟ್ಟಿದ್ದ ಬಾಟಲಿ ತೆಗೆದು, ಒಂದು ಮಾತ್ರೆ ಅಂಗೈಗೆ ಹಾಕಿಕೊಂಡು, ಲೋಟದಲ್ಲಿ ನೀರು ಹಿಡಿದು, ಅಮ್ಮ ಎಲ್ಲಿದ್ದರೆ ಅಲ್ಲಿಗೆ ಹೋಗಿ ನಿಲ್ಲುವಳು. "ಅತ್ಗೆ. ಮಾತ್ರೆ." ಅಮ್ಮ ನುಂಗಿ ಬಾಯಿ ತೆರೆದು ತೋರಿಸಬೇಕು. ಆಮೇಲೆ ಒಲೆಯ ಮುಂದೆ ಕಾವಲು. ಅಪ್ಪ ಕಾಫಿ ಲೋಟ ಹಿಡಿದು ಆ ಕಡೆ ಸುಳಿದರೆ, "ಅಣ್ಣ, ಆಚೆ ಹೋಗು. ವಾಸ್ನೆ" ಎಂದು ಅಟ್ಟುವಳು.

ಅಮ್ಮ ಅವಳಿಗೆ ಕಲಿಸಿದ ರೀತಿಯೂ ಅಷ್ಟೇ ಸರಳ. ಒಂದು ಸಲಕ್ಕೆ ಒಂದು ಮಾತು, ಒಂದು ಕೆಲಸ. "ಸ್ನಾನ ಮಾಡಿ ಬಟ್ಟೆ ಹಾಕ್ಕೊಂಡು ಬಾ" ಎಂದರೆ ಅತ್ತೆ ನಿಂತಲ್ಲೇ ನಿಲ್ಲುವಳು. "ಸೋಪು ತಗೋ" ಎಂದರೆ ಸೋಪು, "ಕತ್ತು ಉಜ್ಜು" ಎಂದರೆ ಕತ್ತು. ರವಿಕೆಯ ಹುಕ್ಕು ಅವಳ ಬೆರಳಿಗೆ ಸಿಗುವುದಿಲ್ಲವೆಂದು ದೊಡ್ಡ ಗುಂಡಿ ಹೊಲಿದಿದ್ದಳು. ರಾಗಿಮುದ್ದೆಯನ್ನು ಎಲ್ಲರೂ ನುಂಗಿದರೆ ಅತ್ತೆ ಅಗಿದು ತಿನ್ನುವಳು. ಚಿಕ್ಕಂದಿನಲ್ಲಿ ಒಮ್ಮೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿತ್ತಂತೆ. ಮುದ್ದೆ ಅಗಿಯುವ ಹೆಂಗಸು ನಮ್ಮ ಶಿಡ್ಲಘಟ್ಟ ತಾಲ್ಲೂಕಿಗೆ ಅವಳೊಬ್ಬಳೇ ಎಂದು ನಾವು ರೇಗಿಸುತ್ತಿದ್ದೆವು. ಅವಳು ಇನ್ನೂ ನಿಧಾನವಾಗಿ ಅಗಿದು ತೋರಿಸುತ್ತಿದ್ದಳು.

ಅವಳಿಗೆ ನಲವತ್ತರ ಹತ್ತಿರವಾದಾಗ ಒಂದು ಚಳಿಗಾಲದಲ್ಲಿ ಇದೆಲ್ಲ ಒಂದೊಂದಾಗಿ ನಿಲ್ಲತೊಡಗಿತು. ನಾನಾಗ ಡಿಗ್ರಿ ಮುಗಿಸಿ, ಬಿ.ಎಡ್. ಸೀಟಿಗೆ ಕಾಯುತ್ತಾ ಮನೆಯಲ್ಲೇ ಇದ್ದೆ.

ಮೊದಲು ನಿಂತದ್ದು ನಗು. ಆಮೇಲೆ ರೇಗಿಸಿದರೆ ತಿರುಗಿ ರೇಗುವುದು. ಬೆಳಗ್ಗೆ ಏಳಿಸಿದರೂ ಏಳುತ್ತಿರಲಿಲ್ಲ. ಎದ್ದರೆ ಚಾಪೆಯ ಮೇಲೆಯೇ ಕೂತಿರುತ್ತಿದ್ದಳು. ಚಳಿಗಾಲ ಕಳೆದು ಶಿವರಾತ್ರಿಯ ಬಿಸಿಲು ಬಂದರೂ ಮೈಮೇಲಿನ ಸ್ವೆಟರು ಬಿಚ್ಚಲು ಬಿಡಲಿಲ್ಲ. ಮುಖ ಊದಿಕೊಂಡಿತು. ಮಾತು ಕಡಿಮೆಯಾಗಿ, ಆಡಿದ ಒಂದೆರಡು ಮಾತು ಗೊಗ್ಗರಾಯಿತು. ಮಾತ್ರೆಯ ಬಾಟಲಿ ಗೂಡಿನಲ್ಲೇ ಉಳಿಯಿತು.

ಇಲ್ಲಿ ನಮ್ಮ ಮನೆಯವರ ತಲೆ ಓಡಿದ ದಾರಿಯನ್ನು ಹೇಳಬೇಕು. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತದೆ. ಹೊಸಬರು ಗಾಬರಿಯಾಗಿ ಮುಟ್ಟಿ ಕೆಡಿಸುತ್ತಾರೆ. ತಿಳಿದವರು ಸುಮ್ಮನೆ ಬಿಡುತ್ತಾರೆ, ಹುಳ ತಾನಾಗಿ ಏಳುತ್ತದೆ. ಮೂರು ತಲೆಮಾರಿನಿಂದ ಹೀಗೆ ಸುಮ್ಮನಿರುವುದನ್ನೇ ಜಾಣತನವೆಂದು ಕಲಿತವರು ನಾವು. ಅಪ್ಪ ಒಂದು ದಿನ ಚಾಪೆಯ ಮೇಲೆ ಕೂತ ತಂಗಿಯನ್ನು ನೋಡಿ ಅಂದರು: "ಜ್ವರಕ್ಕೆ ಕೂತ ಹುಳ ಇದ್ದಂಗವ್ಳೆ. ಯಾರೂ ಎಬ್ಬಿಸ್ಬೇಡಿ. ತಾನೇ ಏಳ್ತಾಳೆ."

ಅಪ್ಪ ಅದನ್ನು ಪ್ರೀತಿಯಿಂದಲೇ ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ಬಿಟ್ಟುಬಿಟ್ಟೆವು. ಒಂದು ಬೆಳೆ ಮುಗಿಯಿತು, ಇನ್ನೊಂದು ಬೆಳೆಯೂ ಮುಗಿಯಿತು. ಅತ್ತೆ ಏಳಲಿಲ್ಲ.

ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಸಾಮಾನು ಮಾರುವವನು ಅವಳ ಮುಂದೆಯೇ ಹುಳಮನೆಯೊಳಗೆ ಹೋಗಿ ನೋಡಿಕೊಂಡು ಬಂದ. ನೆಲದ ಮೇಲೆ ಅವನ ಮಣ್ಣಿನ ಹೆಜ್ಜೆಗಳಿದ್ದವು. ಅತ್ತೆ ಬೋಗುಣಿಯ ಪಕ್ಕದಲ್ಲಿ ಕಣ್ಣು ತೆರೆದುಕೊಂಡೇ ಕೂತಿದ್ದಳು. ಅಪ್ಪ ಬೈಯಲಿಲ್ಲ. ಹೆಜ್ಜೆಗಳ ಮೇಲೆ ಸುಣ್ಣ ಚೆಲ್ಲುತ್ತಾ ಕಣ್ಣೊರೆಸಿಕೊಂಡರು. ನಾನು ಅಪ್ಪ ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಪೇಟೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರೇ. ಅವಳ ಮುಖ ನೋಡಿ, ಎರಡು ಪ್ರಶ್ನೆ ಕೇಳಿ, ಮೆಲ್ಲಗೆ ಅಂದರು: "ಇಂಥೋರಿಗೆ ನಲವತ್ತಕ್ಕೇ ಮುಪ್ಪು ಬಂದ್ಬಿಡುತ್ತೆ. ಮರೆವು ಶುರುವಾಗಿದೆ ಅನ್ಸುತ್ತೆ. ಇನ್ಮೇಲೆ ಹಿಂಗೇ. ಚೆನ್ನಾಗಿ ನೋಡ್ಕೊಳ್ಳಿ." ಅಂಥದೊಂದು ಮರೆವು ನಿಜವಾಗಿಯೂ ಉಂಟು, ಬೇಗ ಬರುವುದೂ ಉಂಟು ಎಂದು ಆಮೇಲೆ ನನಗೆ ತಿಳಿಯಿತು. ಹಾಗಾಗಿ ಅವರ ಮಾತನ್ನು ಸುಳ್ಳೆನ್ನುವಂತಿಲ್ಲ. ಆದರೆ ಆ ದಿನ ಆ ಮಾತು ನಮ್ಮ ಮನೆಯ ಬಾಗಿಲು ಹಾಕಿದಂತಾಯಿತು.

ಸುದ್ದಿ ಚಿಂತಾಮಣಿಗೆ ಮುಟ್ಟಿತು. ಅಲ್ಲಿ ನನ್ನ ದೊಡ್ಡಪ್ಪ, ಅಪ್ಪನ ಅಣ್ಣ, ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾಗಿದ್ದರು. ಗರಿಗರಿ ಪಂಚೆ, ಗಡುಸು ಮಾತು. ತಂಗಿಯನ್ನು ಅವರು ತೆಲುಗಿನಲ್ಲಿ "ಚೆಲ್ಲಿ" ಎಂದೇ ಕರೆಯುತ್ತಿದ್ದರು, ಅಜ್ಜಿ ಬಾಗೇಪಲ್ಲಿ ಕಡೆಯಿಂದ ತಂದ ಮಾತು ಅದು. ಬಂದವರು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಏಂ ಚೆಲ್ಲಿ, ನನ್ನ ಗುರ್ತು ಸಿಕ್ತಾ?"

ಅತ್ತೆ ಅವರ ಕಡೆ ನೋಡಿದಳು, ಅಷ್ಟೇ. ದೊಡ್ಡಪ್ಪ ಅವಳ ಕೈ ಹಿಡಿದರು. ಆ ಕೈ ಕಲಸಿಟ್ಟ ಹಿಟ್ಟಿನ ಹಾಗೆ ಅವರ ಕೈಯೊಳಗೆ ಬಿದ್ದಿತ್ತು. ಅವರು ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಅಪ್ಪನನ್ನು ಅಂಗಳಕ್ಕೆ ಕರೆದರು.

"ನಾನೇನು ಅವ್ಳ ಶತ್ರು ಅಲ್ಲಪ್ಪ. ನಾಳೆ ನಿನ್ ಹೆಂಡ್ತಿ ಹಾಸಿಗೆ ಹಿಡಿದ್ರೆ ಇವ್ಳಿಗೆ ಸ್ನಾನ ಮಾಡ್ಸೋರು ಯಾರು? ನೀನಾ? ನಾನಾ? ಗೌರಿಬಿದನೂರು ಕಡೆ ಒಂದು ಆಶ್ರಮ ಐತೆ. ನಾನೇ ಹೋಗಿ ನೋಡ್ಕೊಂಡು ಬಂದಿದೀನಿ. ಚೊಕ್ಕಟವಾಗೈತೆ. ಒಂದು ಜಾಗ ಖಾಲಿ ಇದೆ ಅಂದ್ರು. ಯುಗಾದಿ ಆದ್ಮೇಲೆ ಬಿಟ್ಬರಣ."

ಅಪ್ಪ ತಲೆ ತಗ್ಗಿಸಿ "ಆಯ್ತಣ್ಣ" ಎಂದರು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಪಾತ್ರೆಯೊಂದು ಬಿತ್ತು. ಬಿತ್ತೋ, ಎಸೆದಳೋ, ನನಗೆ ಈಗಲೂ ಖಚಿತವಿಲ್ಲ.

ಅಷ್ಟರಲ್ಲಿ ಅಮ್ಮನೂ ಸೊರಗತೊಡಗಿದ್ದಳು. ಮೆಟ್ಟಿಲು ಹತ್ತಿದರೆ ಕೂರುವಳು, ಕೂತರೆ ತೂಕಡಿಸುವಳು. ಅತ್ತೆಯ ಚಿಂತೆ ಎಂದುಕೊಂಡೆವು. ಮುಖ ಬಾತದ್ದು ನೋಡಿ ನಾನೇ ಹಟ ಮಾಡಿ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿಸಿದೆ. ಅಲ್ಲಿ ಅವಳ ಥೈರಾಯ್ಡ್ ನೋಡುತ್ತಿದ್ದ ಡಾಕ್ಟರಮ್ಮ ಒಬ್ಬರಿದ್ದರು. ಅವರು ಅಮ್ಮನ ಕಣ್ಣು, ಕತ್ತು, ನಾಡಿ ನೋಡಿ ಕೇಳಿದರು.

"ಮಾತ್ರೆ ಯಾಕಮ್ಮ ನಿಲ್ಸಿದ್ರಿ?"

"ನಿಲ್ಸಿಲ್ಲಮ್ಮ. ಮರ್ತೋಗ್ತೈತೆ."

"ಇಷ್ಟು ವರ್ಷ ಮರೀದೇ ಇದ್ದೋರು ಈಗ ಹೆಂಗೆ ಮರೀತೀರಿ?"

"ನಮ್ ನಾದಿನಿ ಕೊಡ್ತಿದ್ಲು. ಹಿಂದೊಂದ್ಸಲ ನನ್ ಜೊತೆ ಬಂದಿದ್ಲಲ್ಲಮ್ಮ, ಹುಟ್ಟಿದಾಗಿಂದ ಆ ಥರ. ಈಗ ಪಾಪ ಅವ್ಳಿಗೇ ಏನೂ ನೆಪ್ಪಿರಲ್ಲ."

"ಏನಾಗಿದೆ ಅವ್ರಿಗೆ?"

ಅಮ್ಮ ಹೇಳತೊಡಗಿದಳು. "ಮಂಕಾಗವ್ಳೆ. ಎತ್ತ ಕೂರ್ಸಿದ್ರೆ ಅತ್ತ ನಿದ್ದೆ. ಈ ಬಿಸಿಲಲ್ಲೂ ಚಳಿ ಅಂತಾಳೆ. ಮೈ ಒಣ್ಗಿ ಹೊಟ್ಟು ಉದುರ್ತೈತೆ. ಮುಖ ಬಾತ್ಕೊಂಡೈತೆ, ಗಂಟ್ಲು ಗೊಗ್ಗರು…"

ಅಮ್ಮನ ಕೈ ತಾನಾಗಿ ತನ್ನ ಗಂಟಲಿಗೆ ಹೋಯಿತು. ಆ ಮಾತುಗಳನ್ನು ಅವಳು ಆಡುತ್ತಿದ್ದದ್ದೇ ಗೊಗ್ಗರು ದನಿಯಲ್ಲಿ. ಎದುರಿನ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಬಾತ ಮುಖದಲ್ಲಿ. ಅವಳು ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅವ್ರಿಗೆ ಥೈರಾಯ್ಡ್ ಪರೀಕ್ಷೆ ಮಾಡ್ಸಿದೀರಾ?"

"ಇಲ್ಲಮ್ಮ. ಆ ಥರ ಇರೋರಿಗೂ ಇದೆಲ್ಲಾ ಬರ್ತದಾ?"

"ಅವ್ರಿಗೇ ಜಾಸ್ತಿ ಬರೋದು. ಡೌನ್ ಸಿಂಡ್ರೋಮ್ ಇರೋರಿಗೆ ವರ್ಷಕ್ಕೊಂದ್ಸಲ ಇದನ್ನ ನೋಡಿಸ್ತಿರ್ಬೇಕು. ಕಣ್ಣು, ಕಿವಿ, ಹೃದಯಾನೂ ಅಷ್ಟೇ. ನಾಳೇನೇ ಕರ್ಕೊಂಡ್ಬನ್ನಿ."

ವಾಪಸು ಬರುವಾಗ ಅಮ್ಮ ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ನಡುದಾರಿಯಲ್ಲೇ ನಿಂತು ಅತ್ತಳು. "ದಿನಾ ಆ ಮಾತ್ರೆನ ಅವ್ಳ ಕೈಯಾಗೇ ಹಿಡ್ಕೊಂಡಿದ್ಲಲ್ಲೇ" ಎಂದಳು.

ಅತ್ತೆಯ ರಕ್ತದ ವರದಿ ಬಂದಾಗ ಡಾಕ್ಟರಮ್ಮನೇ ಹುಬ್ಬೇರಿಸಿದರು. ಥೈರಾಯ್ಡ್ ಅಷ್ಟು ಕೆಳಗೆ ಇಳಿದಿತ್ತು. ಕಿವಿಯೊಳಗೆ ಗುಗ್ಗೆ ಕಲ್ಲಾಗಿ ಕೂತು, ಅರ್ಧ ಮಾತು ಅವಳಿಗೆ ಕೇಳುತ್ತಲೇ ಇರಲಿಲ್ಲ. ಅದನ್ನು ತೆಗೆಸಿದರು. ಮಾತ್ರೆ ಬರೆದುಕೊಟ್ಟರು, ಅಮ್ಮನ ಬಾಟಲಿಯಲ್ಲಿದ್ದದ್ದೇ, ಕಡಿಮೆ ಪವರಿನದು. ಹೃದಯಕ್ಕೆ ಹೊರೆಯಾಗದಂತೆ ನಿಧಾನವಾಗಿ ಏರಿಸಬೇಕು ಎಂದರು. ಆದರೆ ಆಸೆ ಹುಟ್ಟಿಸಲಿಲ್ಲ. "ಮರೆವಿನ ಕಾಯಿಲೆನೂ ಜೊತೇಲಿ ಇರ್ಬೋದು. ಈಗ್ಲೇ ಹೇಳಕ್ಕಾಗಲ್ಲ. ಇದನ್ನ ಸರಿ ಮಾಡಿದ್ಮೇಲೆ ಏನು ಉಳಿಯುತ್ತೋ ನೋಡಣ."

ಏನು ಉಳಿಯುತ್ತೋ. ಯುಗಾದಿ ಕಳೆದಿತ್ತು. ಆಶ್ರಮದವರು ಜಾಗ ಬೇಕೋ ಬೇಡವೋ ಎಂದು ಕೇಳುತ್ತಿದ್ದರು. ಮಾತ್ರೆಯ ವಿಷಯ ಕೇಳಿ ದೊಡ್ಡಪ್ಪ ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. "ನೀರಲ್ಲಿ ಮುಳುಗೋರು ಹುಲ್ಲುಕಡ್ಡಿ ಹಿಡಿದ್ರು ಅನ್ನಂಗಾಯ್ತು. ಈ ಜಾಗ ಹೋದ್ರೆ ಇನ್ನೊಂದು ಸಿಗಲ್ಲ ಕಣಪ್ಪ."

ಅಮ್ಮ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡಳು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ತಲೆ ಎತ್ತಿ ಮಾತಾಡದವಳು. "ಭಾವ, ಇವತ್ತು ಹುಳ ತಂದಿದೀವಿ. ಈ ಬೆಳೆ ಹಣ್ಣಾಗೋವರ್ಗೂ ಟೈಮು ಕೊಡಿ. ಅಷ್ಟರಲ್ಲಿ ಅವ್ಳು ಏಳ್ಲಿಲ್ಲ ಅಂದ್ರೆ ನಾನೇ ಬಟ್ಟೆ ಮಡ್ಚಿ ಕೊಡ್ತೀನಿ."

ಹೀಗೆ ನಮ್ಮ ಸಣ್ಣತ್ತೆಯ ಬಾಳು ಒಂದು ರೇಷ್ಮೆ ಬೆಳೆಯ ಮೇಲೆ ನಿಂತಿತು. ಮರಿಹುಳ ತಂದು, ಅದು ಹಣ್ಣಾಗಿ ನೂಲು ಬಿಡುವವರೆಗೆ ಹೆಚ್ಚೆಂದರೆ ಮೂರು ವಾರ. ಪ್ರತಿ ಸಲ ಬೆಳೆ ಬೇಗ ಆಗಲಿ ಎಂದು ಬೇಡುವ ಮನೆಯಲ್ಲಿ ಆ ಸಲ ಹುಳ ನಿಧಾನವಾಗಿ ಬೆಳೆಯಲಿ ಎಂದು ನಾನು ದೇವರ ಗೂಡಿನ ಮುಂದೆ ನಿಂತು ಬೇಡಿಕೊಂಡದ್ದುಂಟು. ಅಪ್ಪನಿಗೆ ಗೊತ್ತಾಗಿದ್ದರೆ ಕಾಲು ಮುರಿಯುತ್ತಿದ್ದರು.

ಬೆಳಗ್ಗೆ ಈಗ ಅಮ್ಮನೇ ಎರಡು ಬಾಟಲಿ ತೆಗೆಯುತ್ತಿದ್ದಳು. ಒಂದು ಮಾತ್ರೆ ಅತ್ತೆಯ ಬಾಯಿಗೆ, ಒಂದು ತನ್ನ ಬಾಯಿಗೆ. ಅತ್ತೆ ಕೊಟ್ಟದ್ದನ್ನು ನುಂಗಿ ಮತ್ತೆ ಗೋಡೆಗೊರಗುವಳು. ಅಮ್ಮ ಅವಳ ಮುಂದೆ ಬಾಯಿ ತೆರೆದು ತೋರಿಸುವಳು. ನೋಡುವವರಿಲ್ಲದಿದ್ದರೂ ತೋರಿಸುವಳು. ಎಲ್ಲ ಕೆಲಸವನ್ನೂ ಮೊದಲಿನಿಂದ, ಒಂದೊಂದೇ ಮಾತಿನಲ್ಲಿ ಹೇಳತೊಡಗಿದಳು. ಲೋಟ ಹಿಡ್ಕೊ. ಕುಡಿ. ಎದ್ದೇಳು. ನಡಿ. ಹುಳಮನೆ ಬಾಗಿಲಿಗೆ ಕರೆತಂದು ಅವಳ ಜಾಗದಲ್ಲಿ ಕೂರಿಸಿ, ಬೋಗುಣಿಗೆ ನೀರು ತುಂಬಿಸಿ, ಸೊಪ್ಪಿನ ಹೊರೆ ಹೊತ್ತ ನಾವೆಲ್ಲ ಪ್ರತಿ ಸಲವೂ ಅವಳ ಮುಂದೆ ನಿಂತು ಕಾಯಬೇಕೆಂದು ಅಪ್ಪಣೆ ಮಾಡಿದಳು. ನಿಂತೆವು. ಅತ್ತೆಯ ಬಾಯಿಂದ ಮಾತು ಬರಲಿಲ್ಲ. ನಾವೇ ಕಾಲು ಅದ್ದಿಕೊಂಡು ಒಳಗೆ ಹೋದೆವು.

ಹುಳ ಮೂರನೇ ಜ್ವರದಿಂದ ಎದ್ದಿತು. ಅತ್ತೆಯಲ್ಲಿ ಏನೂ ಇಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಜೋರಾಗುತ್ತಾ ಬಂತು, ತಗಡಿನ ಮೇಲೆ ತುಂತುರು ಹನಿ ಬಿದ್ದಂತೆ. ಆ ಸದ್ದು ಕೇಳಿದರೆ ಸಾಮಾನ್ಯವಾಗಿ ನಮ್ಮೆಲ್ಲರಿಗೂ ಖುಷಿ. ಆ ಸಲ ಅಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ನಾಲ್ಕನೇ ಜ್ವರಕ್ಕೆ ಹುಳ ಕೂತ ಬೆಳಗ್ಗೆ ಹುಳಮನೆ ನಿಶ್ಶಬ್ದವಾಗಿತ್ತು. ಅಮ್ಮ ಮಾತ್ರೆ ಹಿಡಿದು ಅತ್ತೆಯನ್ನು ಕೂಗಿದಳು. ಏಳಲಿಲ್ಲ. ಅಲುಗಿಸಿದಳು, ಏಳಲಿಲ್ಲ. ಮುಟ್ಟಿದರೆ ಕೈ ತಣ್ಣಗಿತ್ತು. ನಾನು ಎದೆಗೆ ಕಿವಿಯಿಟ್ಟೆ, ನನ್ನ ಎದೆಯ ಬಡಿತವೇ ಅಡ್ಡ ಬಂದು ಏನೂ ಕೇಳಿಸಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು "ಬೇಡ, ಬಿಟ್ಬಿಡಿ, ಬಿಟ್ಬಿಡಿ" ಎನ್ನುತ್ತಿದ್ದರು. ಅಮ್ಮ ತಿರುಗಿ, "ಬಿಟ್ಟಿದ್ದಕ್ಕೇ ಹಿಂಗಾಗಿರೋದು" ಎಂದು ಕಿರುಚಿ, ಅತ್ತೆಯ ಕೆನ್ನೆಗೆ ಪಟಾರನೆ ಬಾರಿಸಿದಳು.

ಅತ್ತೆ ಕಣ್ಣು ತೆರೆದಳು. ಕೆನ್ನೆ ಮುಟ್ಟಿಕೊಂಡಳು.

"ಅತ್ಗೆ. ಹೊಡೀಬೇಡ."

ಎಷ್ಟೋ ದಿನಗಳ ಮೇಲೆ ಅವಳಾಗಿ ಆಡಿದ ಮಾತು. ಅಮ್ಮ ಅವಳನ್ನು ತಬ್ಬಿಕೊಂಡು ಅಳುತ್ತಾ ನಗುತ್ತಾ ಕೂತುಬಿಟ್ಟಳು. ಅದೇ ದಿನ ಚಿಕ್ಕಬಳ್ಳಾಪುರಕ್ಕೆ ಓಡಿದೆವು. ಡಾಕ್ಟರಮ್ಮ ಹೃದಯ ನೋಡಿ, ಪರವಾಗಿಲ್ಲ ಎಂದು, ಮಾತ್ರೆಯನ್ನು ಒಂದು ಮೆಟ್ಟಿಲು ಏರಿಸಿದರು. ಬರುವಾಗ ಪೇರೇಸಂದ್ರದ ಹತ್ತಿರ ಬಸ್ಸಿನ ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಅತ್ತೆ ಸ್ವೆಟರಿನ ತೋಳನ್ನು ಎಳೆದಾಡಿದಳು. "ಸೆಕೆ" ಎಂದಳು. ಅಮ್ಮ ನನ್ನ ತೊಡೆ ಚಿವುಟಿದಳು. ನಾವಿಬ್ಬರೂ ಬಾಯಿ ಬಿಡಲಿಲ್ಲ, ದೃಷ್ಟಿ ತಾಗೀತು ಎಂದು.

ಅದರಾಚೆಗೆ ಆದದ್ದು ಅಷ್ಟೇ ಅಷ್ಟು. ಮುಖದ ಬಾವು ಒಂದಿಷ್ಟು ಇಳಿಯಿತು. ಮುದ್ದೆ ಅಗಿಯುವ ದವಡೆ ಸ್ವಲ್ಪ ಚುರುಕಾಯಿತು. ಆದರೆ ಬಾಗಿಲಲ್ಲಿ ಮಾತ್ರ ಅವಳು ಹಾಗೇ ಕೂತಿರುತ್ತಿದ್ದಳು. ಬೋಗುಣಿಯ ನೀರು ನೋಡುವಳು, ನಮ್ಮ ಕಾಲು ನೋಡುವಳು. ಏನೋ ನೆನಪಾಗಿಯೂ ಆಗದವಳಂತೆ ಹುಬ್ಬು ಗಂಟಿಕ್ಕುವಳು. ಅಷ್ಟರಲ್ಲಿ ಹುಳ ಹಣ್ಣಾಯಿತು.

ಹಣ್ಣು ಹುಳ ಆಯುವ ದಿನ ರೇಷ್ಮೆ ಮನೆಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮೈ ತಿಳಿಯಾಗಿ, ಬಾಯಲ್ಲಿ ನೂಲು ಬಿಡುತ್ತಾ ತಲೆಯಾಡಿಸುವ ಹುಳುಗಳನ್ನು ಆಯ್ದು ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ನೆರೆಹೊರೆಯವರೆಲ್ಲ ಬಂದಿದ್ದರು. ಬಾಗಿಲಲ್ಲಿ ಅಪ್ಪನೇ ನಿಂತು ಎಲ್ಲರ ಕಾಲು ತೊಳೆಸಿ ಒಳಗೆ ಬಿಟ್ಟಿದ್ದರು. ಆಗ ಅಂಗಳದಲ್ಲಿ ಕಾರು ನಿಂತಿತು. ದೊಡ್ಡಪ್ಪ ಇಳಿದರು, ಡ್ರೈವರನಿಗೆ ಹಿಂದಿನ ಬಾಗಿಲು ತೆಗೆದಿಡಲು ಹೇಳಿದರು.

ಅಮ್ಮ ಹುಳದ ಬುಟ್ಟಿ ಹಿಡಿದುಕೊಂಡೇ ಎದ್ದು ನಿಂತಳು. ಮೂಲೆಯ ಹಗ್ಗದ ಮೇಲೆ ಅತ್ತೆಯ ಬಟ್ಟೆಗಳು ಮಡಿಸದೆಯೇ ಇದ್ದವು.

"ಏನಮ್ಮ, ಬಟ್ಟೆ ಕಟ್ಟಿದೀಯಾ?" ಎಂದು ಕೂಗುತ್ತಾ ದೊಡ್ಡಪ್ಪ ನೇರ ಹುಳಮನೆಯ ಕಡೆ ಬಂದರು. ಅವರ ಕಣ್ಣೂ ಕೆಂಪಾಗಿತ್ತು, ಚಿಂತಾಮಣಿಯಿಂದ ಬರುವ ದಾರಿಯಲ್ಲಿ ಏನೇನು ಯೋಚಿಸಿದ್ದರೋ. ಯಾರ ಮುಖವನ್ನೂ ನೋಡದೆ, ಬೇಗ ಮುಗಿಸಿಬಿಡಬೇಕು ಎನ್ನುವವರ ಹಾಗೆ, ಚಪ್ಪಲಿ ಬಿಟ್ಟು, ಬೋಗುಣಿ ದಾಟಿ ಹೊಸ್ತಿಲ ಮೇಲೆ ಕಾಲಿಟ್ಟರು.

ಮುಂದಕ್ಕೆ ಹೋಗಲಾಗಲಿಲ್ಲ. ಪಂಚೆ ಎಲ್ಲೋ ಸಿಕ್ಕಿಕೊಂಡಿತು ಎಂದುಕೊಂಡು ಎಳೆದರು. ಬರಲಿಲ್ಲ. ತಿರುಗಿ ನೋಡಿದರು.

ಸಣ್ಣತ್ತೆ ಪಂಚೆಯ ಅಂಚನ್ನು ಹಿಡಿದಿದ್ದಳು. ಎರಡೂ ಕೈಯಲ್ಲಿ, ಮೋಟು ಬೆರಳುಗಳೆಲ್ಲ ಬಿಳುಪೇರುವಂತೆ. ಗರಿ ಪಂಚೆ ಮುದುಡಿಹೋಗಿತ್ತು.

ಹುಳ ಆಯುತ್ತಿದ್ದವರ ಕೈಗಳೆಲ್ಲ ನಿಂತವು. ದೊಡ್ಡಪ್ಪ ಮೇಷ್ಟರ ದನಿಯಲ್ಲಿ "ಬಿಡು ಚೆಲ್ಲಿ" ಎಂದರು. ಅವಳು ಬಿಡಲಿಲ್ಲ. ಅವರು ಹೊಸ್ತಿಲಿನಿಂದ ಕೆಳಗಿಳಿದರು. ಬೋಗುಣಿಯ ಕಡೆ ನೋಡಿದರು. ಒಂದು ಕಾಲು ಎತ್ತಿ ನೀರಿಗೆ ಅದ್ದಿ, ಒಳಗೆ ಹೋಗಲು ತಿರುಗಿದರು. ಪಂಚೆ ಇನ್ನೂ ಅವಳ ಕೈಯಲ್ಲೇ ಇತ್ತು. ಅತ್ತೆಯ ತುಟಿ ಅಲುಗಾಡಿತು. ಅವಳ ಗಂಟಲಿನಿಂದ ಮೊದಲು ಬಂದದ್ದು ಬರೀ ಉಸಿರು. ಅಮ್ಮ ಹುಳದ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಇನ್ನೊಂದು" ಎಂದಳು ಅತ್ತೆ.

ದೊಡ್ಡಪ್ಪ ಇನ್ನೊಂದು ಕಾಲನ್ನೂ ಅದ್ದಿದರು. ಅತ್ತೆ ಪಂಚೆ ಬಿಟ್ಟಳು. ಅವರು ಒಳಗೆ ಹೋಗಲಿಲ್ಲ, ಅಲ್ಲೇ ಒದ್ದೆ ಕಾಲಿನಲ್ಲಿ ಅವಳ ಪಕ್ಕ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಹೋಗಿ ಕಾರಿನ ಬಾಗಿಲು ಹಾಕಿ ಬಂದರು.

ಆಮೇಲೆ ಅವಳು ಬದುಕಿದ ವರ್ಷಗಳೆಲ್ಲ ಅವಳದೇ ಅಧಿಕಾರ. ಬೆಳಗ್ಗೆ ಎರಡು ಬಾಟಲಿ, ಮೊದಲು ಅಮ್ಮನ ಮಾತ್ರೆ, ಆಮೇಲೆ ತನ್ನದು, ಇಬ್ಬರೂ ಬಾಯಿ ತೆರೆದು ಪರಸ್ಪರ ಪರೀಕ್ಷೆ. ವರ್ಷಕ್ಕೊಮ್ಮೆ ರಕ್ತ, ಕಣ್ಣು, ಕಿವಿ ತೋರಿಸಲು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯುವ ಕೆಲಸವನ್ನು ದೊಡ್ಡಪ್ಪ ತಾವೇ ವಹಿಸಿಕೊಂಡರು. ಒಂದು ಕಣ್ಣಿನ ಪೊರೆಯನ್ನೂ ತೆಗೆಸಿದರು. ಕ್ಯೂನಲ್ಲಿ ಯಾರಾದರೂ "ಇವ್ರು ಆ ಥರನಾ?" ಎಂದರೆ, "ಯಾವ್ ಥರ? ಸರಿಯಾಗಿ ಕೇಳಿ, ಹೇಳ್ತೀನಿ" ಎಂದು ಜಗಳಕ್ಕೇ ನಿಲ್ಲುತ್ತಿದ್ದರಂತೆ. ನನಗೆ ಬಿ.ಎಡ್. ಆಗಿ, ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿತು. ನನ್ನ ತರಗತಿಯಲ್ಲಿ ಒಂದು ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಇವತ್ತಿಗೂ ನಾನು ಅದರಷ್ಟಕ್ಕೆ ಬಿಡುವುದಿಲ್ಲ. ಹೋಗಿ ಮುಟ್ಟಿ ಕೇಳುತ್ತೇನೆ. ಅದು ಅತ್ತೆ ಕೊಟ್ಟದ್ದು.

ಹೋದ ವರ್ಷದ ಮಾಗಿಯಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಈ ಸಲ ಯಾರೂ ಕಾಯಲಿಲ್ಲ, ಮೊದಲ ದಿನವೇ ಆಸ್ಪತ್ರೆಗೆ ಸೇರಿಸಿದೆವು. ಮಾಡಬೇಕಾದದ್ದೆಲ್ಲ ಮಾಡಿದರು. ಆದರೂ ನ್ಯುಮೋನಿಯಾ ಅವಳ ದಣಿದ ಹೃದಯಕ್ಕಿಂತ ಗಟ್ಟಿಯಾಗಿತ್ತು. ಕೊನೆಯ ಬೆಳಗ್ಗೆ ಆಕ್ಸಿಜನ್ ಹಾಕಿದ್ದ ಮುಖವನ್ನು ಅಮ್ಮನ ಕಡೆ ತಿರುಗಿಸಿ, ಏನೋ ಕೇಳುವಂತೆ ನೋಡಿದಳು. ಅಮ್ಮನಿಗೆ ಅರ್ಥವಾಯಿತು. "ತಗೊಂಡೆ ಕಣಮ್ಮ" ಎಂದು ಬಾಯಿ ತೆರೆದು ತೋರಿಸಿದಳು.

ಊರಿನ ತೋಪಿನಲ್ಲಿ, ಅಜ್ಜಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಮಣ್ಣು ಮಾಡಿ ಬಂದವರು ಕಾಲು ತೊಳೆದು, ದೀಪ ನೋಡಿ ಒಳಗೆ ಬರಬೇಕು, ಅದು ನಮ್ಮ ಕಡೆಯ ಪದ್ಧತಿ. ಬಾಗಿಲಿಗೆ ನೀರಿಡಲು ಹೋದ ನನ್ನ ಕೈಗೆ ಸಿಕ್ಕಿದ್ದು ಹುಳಮನೆಯ ಬೋಗುಣಿಯೇ. ಅದನ್ನೇ ಇಟ್ಟು, ಪಕ್ಕದಲ್ಲಿ ನಿಂತೆ. ಗಂಡಸರು ಒಬ್ಬೊಬ್ಬರಾಗಿ ಕಾಲು ತೊಳೆದು ಒಳಗೆ ಹೋದರು. ಅಪ್ಪನೂ ಹೋದರು.

ಕೊನೆಗೆ ದೊಡ್ಡಪ್ಪ ಬಂದರು. ಈಗ ಅವರಿಗೆ ಕೋಲು ಬೇಕು. ಬೋಗುಣಿಯ ಮುಂದೆ ನಿಂತವರು ನಿಂತೇ ಇದ್ದರು. ಗೋಡೆಯ ಬುಡಕ್ಕೆ, ಹುಳಮನೆಯ ಬಾಗಿಲಾಗಿದ್ದರೆ ಅವಳು ಒರಗಿ ಕೂರುತ್ತಿದ್ದ ಜಾಗಕ್ಕೆ, ಅವರ ಕಣ್ಣು ಹೋಯಿತು. ಒಳಗಿನಿಂದ ಅಪ್ಪ "ಬಾಣ್ಣ" ಎಂದು ಕರೆದರು. ಅವರು ಅಲುಗಲಿಲ್ಲ.

"ಕಾಲು, ದೊಡ್ಡಪ್ಪ" ಎಂದೆ ನಾನು.

ಅವರು ಕೋಲನ್ನು ಗೋಡೆಗೆ ಒರಗಿಸಿ, ನನ್ನ ಭುಜ ಹಿಡಿದು ಒಂದು ಕಾಲು ಅದ್ದಿದರು. ಮಂಜಾದ ಕಣ್ಣಿನಲ್ಲಿ ದಾರಿ ಕಾಣದೆ ಹಾಗೇ ಹೊಸ್ತಿಲ ಕಡೆ ತಿರುಗಿದರು. ನಾನು ಅವರ ಪಂಚೆಯ ಅಂಚು ಹಿಡಿದುಕೊಂಡೆ.

"ಇನ್ನೊಂದು" ಎಂದೆ.